ಮರದ ಕಂಬಗಳ ಮನೆತನ: ಉಳ್ಳಾಲದ ರಾಣಿ ಅಬ್ಬಕ್ಕನ ಬದುಕು

ಮೂಡುಬಿದಿರೆ: ಇಲ್ಲಿನ ಚೌಟರ ಅರಮನೆಗೆ ಬರುವ ಪ್ರವಾಸಿಗರ ಕಣ್ಣು ಮೊದಲು ಹೋಗುವುದು ಮರದ ಕಂಬಗಳ ಮೇಲೆ. ಒಂಬತ್ತು ಸ್ತ್ರೀಯರು ಮೈಗೆ ಮೈ ಹೆಣೆದು ಆನೆಯ ಆಕಾರ ತಾಳಿರುವ ನವನಾರೀಕುಂಜರ, ಐವರು ಸ್ತ್ರೀಯರು ಕುದುರೆಯಾಗಿ ನಿಂತಿರುವ ಪಂಚನಾರೀತುರಗ. ಉಳಿಯ ಕೆಲಸ ಎಷ್ಟು ಸೂಕ್ಷ್ಮವೆಂದರೆ ದೂರದಿಂದ ಪ್ರಾಣಿ ಕಾಣುತ್ತದೆ, ಹತ್ತಿರ ಹೋದರೆ ಹೆಣ್ಣುಗಳು ಕಾಣುತ್ತಾರೆ. ಇದನ್ನು ನೋಡಿದವರ ಬಾಯಲ್ಲಿ ಮುಂದೆ ಬರುವ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ. ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ ಬಾಳಿದ ಮನೆ ಇದೇ ಏನು?

ಅಲ್ಲ. ಇದು ಅಬ್ಬಕ್ಕನ ಮನೆತನದ ಮನೆ, ಅಬ್ಬಕ್ಕ ಬಾಳಿದ ಮನೆಯಲ್ಲ. ಚೌಟರು ಮೂಡುಬಿದಿರೆಯನ್ನು ನೆಲೆಯಾಗಿಸಿಕೊಂಡದ್ದು ಆಕೆಯ ಕಾಲದ ಅನಂತರ, 17ನೇ ಶತಮಾನದಲ್ಲಿ. ಆದರೂ ಈ ಎರಡರ ನಡುವಣ ವ್ಯತ್ಯಾಸ ಮೇಲ್ನೋಟಕ್ಕೆ ತೋರುವಷ್ಟು ದೊಡ್ಡದಲ್ಲ. ಮನೆ ಎಂಬ ಮಾತಿಗೆ ತುಳುನಾಡಿನಲ್ಲಿ ಇರುವ ಅರ್ಥವನ್ನು ಬಿಟ್ಟು ಅಬ್ಬಕ್ಕನ ಬದುಕನ್ನು ಹೇಳಲು ಸಾಧ್ಯವೇ ಇಲ್ಲ. ಆಕೆಗೆ ರಾಜ್ಯವನ್ನು ಕೊಟ್ಟದ್ದು ಮನೆ. ಗಂಡನನ್ನು ಬಿಟ್ಟು ಬಂದಾಗ ಆಕೆಯನ್ನು ರಾಣಿಯಾಗಿಯೇ ಉಳಿಸಿದ್ದೂ ಮನೆ.

ಹೆಣ್ಣಿನ ಮೂಲಕ ಹರಿದ ಅಧಿಕಾರ

ಚೌಟರು ಜೈನ ಅರಸರು. ಉಳ್ಳಾಲದ ಸೋಮನಾಥ ಅವರ ಆರಾಧ್ಯ ದೈವ. ಮೂಡುಬಿದಿರೆಗೆ ಹತ್ತಿರದ ಪುತ್ತಿಗೆ ಅವರ ಇನ್ನೊಂದು ನೆಲೆ. ಅಲ್ಲಿಯೂ ಸೋಮನಾಥನ ಗುಡಿಯೇ ಇದೆ. ಕಡಲ ತೀರದ ಉಳ್ಳಾಲ, ಒಳನಾಡಿನ ಪುತ್ತಿಗೆ ಹೀಗೆ ಎರಡು ಕಡೆ ಕಾಲೂರಿ ನಿಂತ ಮನೆತನವಿದು. ಸುತ್ತಮುತ್ತ ಇಂಥವೇ ಹಲವು ಮನೆತನಗಳಿದ್ದವು. ವೇಣೂರಿನಲ್ಲಿ ಅಜಿಲರು, ಕಾರ್ಕಳದಲ್ಲಿ ಭೈರರಸರು, ಬಂಗಾಡಿಯಲ್ಲಿ ಬಂಗರು. ವಿಜಯನಗರದ ಮೇಲಾಧಿಪತ್ಯಕ್ಕೆ ತಲೆಬಾಗುತ್ತ, ತಮ್ಮ ತಮ್ಮ ಸೀಮೆಗಳಲ್ಲಿ ಸ್ವತಂತ್ರರಾಗಿಯೇ ನಡೆದುಕೊಳ್ಳುತ್ತಿದ್ದರು.

ಈ ಮನೆತನಗಳಲ್ಲಿ ನಡೆದುಬಂದದ್ದು ಅಳಿಯಸಂತಾನ ಕಟ್ಟು. ತಂದೆಯ ಪಟ್ಟ ಮಗನಿಗಲ್ಲ, ಸೋದರಿಯ ಮಕ್ಕಳಿಗೆ. ಭೂತಾಳಪಾಂಡ್ಯನೆಂಬ ಅರಸನ ಕಾಲದಲ್ಲಿ ಈ ಕಟ್ಟು ಆರಂಭವಾಯಿತೆಂಬ ಐತಿಹ್ಯ ತುಳುನಾಡಿನಲ್ಲಿ ಮನೆಮಾತು. ಐತಿಹ್ಯ ಏನೇ ಇರಲಿ, ಇದರ ವ್ಯಾವಹಾರಿಕ ಪರಿಣಾಮ ಸ್ಪಷ್ಟ. ಹೆಣ್ಣು ಮದುವೆಯಾದರೂ ತನ್ನ ಕುಟುಂಬವನ್ನು ಬಿಟ್ಟು ಗಂಡನ ಕುಟುಂಬದ ಸದಸ್ಯೆಯಾಗುವುದಿಲ್ಲ. ಆಕೆಯ ಮಕ್ಕಳು ಆಕೆಯ ಮನೆಯವರು. ಮನೆ, ಹೊಲ, ದೈವದ ಚಾವಡಿ ಎಲ್ಲವೂ ಅವಳ ರಕ್ತದ ಜಾಡಿನಲ್ಲಿಯೇ ಮುಂದುವರಿಯುತ್ತವೆ. ಆಡಳಿತದ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿ ಇರುತ್ತಿತ್ತು ಎಂಬುದು ನಿಜ. ಹಾಗೆಂದು ಹೆಣ್ಣುಮಗಳು ಪಟ್ಟವೇರುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಚೌಟರ ವಂಶಾವಳಿಯಲ್ಲಿ ಒಬ್ಬಿಬ್ಬರಲ್ಲ, ಹಲವು ರಾಣಿಯರು ಬರುತ್ತಾರೆ.

ಮೂರನೆಯ ತಿರುಮಲರಾಯ ಚೌಟ ತನ್ನ ಸೋದರಿಯ ಮಗಳು ಅಬ್ಬಕ್ಕನಿಗೆ ಶಸ್ತ್ರವಿದ್ಯೆ, ರಾಜನೀತಿ ಕಲಿಸಿ ಉಳ್ಳಾಲದ ಪಟ್ಟ ಕಟ್ಟಿದನೆಂದು ನಾಡಿನಲ್ಲಿ ಪ್ರಚಲಿತವಿರುವ ಕಥನ ಹೇಳುತ್ತದೆ. ವಂಶಾವಳಿಯಲ್ಲಿ ಆಕೆಯ ಆಳ್ವಿಕೆ 1544ರಿಂದ 1582ರವರೆಗೆ ಎಂದು ಎಣಿಸಲಾಗಿದೆ.

ಕಪ್ಪದ ಬೇಡಿಕೆ, ಬೆಂಕಿಯ ಉತ್ತರ

1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರಿಗೆ ಕನ್ನಡ ಕರಾವಳಿ ಬೇಕಾಗಿದ್ದುದಕ್ಕೆ ಮುಖ್ಯ ಕಾರಣ ಅನ್ನ. ಕರಿಮೆಣಸಿನ ಮಾತು ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚು ಬರುತ್ತದೆ. ಆದರೆ ಗೋವೆಯ ಹೊಟ್ಟೆ ತುಂಬುತ್ತಿದ್ದುದು ಬಸರೂರು, ಮಂಗಳೂರುಗಳಿಂದ ಹಡಗೇರುತ್ತಿದ್ದ ಅಕ್ಕಿ. ಕಡಲಲ್ಲಿ ಸಂಚರಿಸುವ ಹಡಗುಗಳು ತಮ್ಮ ಪರವಾನಗಿ ಚೀಟಿ ಪಡೆಯಬೇಕು, ಬಂದರಿನ ಅರಸರು ವರ್ಷವರ್ಷವೂ ಕಪ್ಪ ಸಲ್ಲಿಸಬೇಕು ಎಂಬುದು ಅವರ ಪಟ್ಟು. ನೇತ್ರಾವತಿಯ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲ ಈ ಪಟ್ಟಿಗೆ ಸುಲಭವಾಗಿ ಒಗ್ಗಲಿಲ್ಲ.

1555ರ ಸುಮಾರಿಗೆ ದೊಂ ಅಲ್ವಾರೊ ದ ಸಿಲ್ವೇರಾನ ನೇತೃತ್ವದ ನೌಕಾಪಡೆ ಕಪ್ಪದ ಕಾರಣಕ್ಕೆ ಉಳ್ಳಾಲದ ರಾಣಿಯ ಮೇಲೆ ಬಂತು. 1565ರಲ್ಲಿ ತಾಳಿಕೋಟೆಯ ಯುದ್ಧವಾಗಿ ವಿಜಯನಗರದ ಬೆನ್ನೆಲುಬು ಮುರಿದ ಮೇಲೆ ಕರಾವಳಿಯ ಸಣ್ಣ ಅರಸರಿಗೆ ಹಿಂದೆ ನಿಲ್ಲುವವರು ಇಲ್ಲವಾದರು. ಅದರ ಲಾಭ ಪಡೆದ ವೈಸರಾಯ್ ಆಂತಾವ್ ದ ನೊರೋನ್ಹಾ ತಾನೇ ದಂಡೆತ್ತಿ ಬಂದು ಉಳ್ಳಾಲವನ್ನು ಹೊಡೆದ. 1568ರ ಆರಂಭದಲ್ಲಿ ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್‌ನ ಹೆಸರಿನ ಕೋಟೆಗೆ ಬುನಾದಿ ಬಿತ್ತು.

ಆ ರಾತ್ರಿ ಅರಮನೆಯಿಂದ ತಪ್ಪಿಸಿಕೊಂಡ ಅಬ್ಬಕ್ಕ ಮಸೀದಿಯೊಂದರಲ್ಲಿ ಆಶ್ರಯ ಪಡೆದಳು, ಸುಮಾರು 200 ಮಂದಿಯನ್ನು ಕೂಡಿಸಿ ಬೆಳಗಾಗುವುದರೊಳಗೆ ಮೇಲೆರಗಿ ಸೇನಾನಿ ಪಿಶೋಟೊನನ್ನು ಕೊಂದಳು ಎಂಬುದು ಜನಪ್ರಿಯ ಕಥನ. ಮೊಗವೀರರು, ಬ್ಯಾರಿಗಳು, ಮಾಪಿಳ್ಳೆ ನಾವಿಕರು ಆಕೆಯ ದಂಡಿನಲ್ಲಿದ್ದರು, ಉರಿಯುವ ಬಾಣಗಳಿಂದ ಹಡಗುಗಳನ್ನು ಸುಟ್ಟರು, ಕಲ್ಲಿಕೋಟೆಯ ಸಾಮೂದಿರಿ ಹಾಗೂ ಬಿಜಾಪುರದ ಸುಲ್ತಾನರೊಡನೆ ಆಕೆ ಮೈತ್ರಿ ಮಾಡಿಕೊಂಡಳು ಎಂದೂ ಹೇಳುತ್ತಾರೆ. ಯಕ್ಷಗಾನದ ರಂಗದಲ್ಲಿ, ನಾಟಕಗಳಲ್ಲಿ ಈ ಭಾಗಕ್ಕೇ ಹೆಚ್ಚು ಚಪ್ಪಾಳೆ. ಕಥೆಯ ಅಂತ್ಯದಲ್ಲಿ ಗಂಡನ ದ್ರೋಹದಿಂದ ಸೆರೆಸಿಕ್ಕ ರಾಣಿ ಸೆರೆಮನೆಯಲ್ಲಿಯೇ ಹೋರಾಡಿ ಮಡಿಯುತ್ತಾಳೆ.

ಒಬ್ಬಳಲ್ಲ, ಇಬ್ಬರು

ಇಲ್ಲಿ ಲೆಕ್ಕವೊಂದು ತಪ್ಪುತ್ತದೆ. ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡದ್ದು 1623ರ ಡಿಸೆಂಬರ್‌ನಲ್ಲಿ. ಆಗ ಆಕೆಗೆ ನಲ್ವತ್ತರ ಆಸುಪಾಸಿನ ವಯಸ್ಸೆಂದು ಆತ ಅಂದಾಜಿಸಿದ್ದಾನೆ. 1555ರಲ್ಲಿ ಕತ್ತಿ ಹಿಡಿದವಳು 68 ವರ್ಷಗಳ ಅನಂತರ ನಲ್ವತ್ತರವಳಾಗಿರಲು ಸಾಧ್ಯವಿಲ್ಲ. ಚೌಟರ ಪಟ್ಟಕ್ಕೆ ಬಂದ ಅಬ್ಬಕ್ಕಂದಿರು ಒಬ್ಬರಿಗಿಂತ ಹೆಚ್ಚು. ಒಬ್ಬಳದು 16ನೇ ಶತಮಾನದ ನಡುಭಾಗ, ಇನ್ನೊಬ್ಬಳದು 17ನೇ ಶತಮಾನದ ಆರಂಭ. ಜನರ ನೆನಪು ಅವರನ್ನು ಒಬ್ಬಳನ್ನಾಗಿ ಮಾಡಿಕೊಂಡಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ, ಮಾವನ ಹೆಸರನ್ನು ಅಳಿಯನಿಗೆ ಇಡುವ ಮನೆತನಗಳಲ್ಲಿ ಇಂಥ ಕಲಬೆರಕೆ ಸಹಜ. ಕಥೆಯಲ್ಲಿ ಅಬ್ಬಕ್ಕನ ಗಂಡನ ಹೆಸರು ಲಕ್ಷ್ಮಪ್ಪರಸ ಬಂಗರಾಜ. ಬ್ರಿಟಿಷರ ವಿರುದ್ಧ 1837ರಲ್ಲಿ ನಡೆದ ಬಂಡಾಯದಲ್ಲಿ ಗಲ್ಲಿಗೇರಿದ ಬಂಗರಸನ ಹೆಸರೂ ಲಕ್ಷ್ಮಪ್ಪರಸನೇ.

ಗಂಡನೊಡನೆ ನಡೆದ ಜಗಳ ಮಾತ್ರ ದೆಲ್ಲಾ ವಾಲೆ ಕಂಡ ಎರಡನೆಯ ಅಬ್ಬಕ್ಕನಿಗೆ ಸೇರಿದ್ದು. ಆತ ಆಕೆಯ ಹೆಸರನ್ನು ತನ್ನ ಕಿವಿಗೆ ಬಿದ್ದಂತೆ ಅಬಗ ದೇವಿ ಚೌತ್ರು ಎಂದು ಬರೆದುಕೊಂಡಿದ್ದಾನೆ. ಇಟಾಲಿಯನ್ ಲಿಪಿಯಲ್ಲಿ ಚೌಟ ಎಂಬ ಮನೆತನದ ಹೆಸರು ನಾಲ್ಕು ಶತಮಾನಗಳ ಹಿಂದೆಯೇ ದಾಖಲಾಗಿರುವುದು ಗಮನಾರ್ಹ.

ಈಕೆ ವರಿಸಿದ್ದು ಬಂಗರ ಅರಸನನ್ನು. ಬಂಗರ ಮೂಲ ನೆಲೆ ಇಂದಿನ ಬೆಳ್ತಂಗಡಿ ತಾಲೂಕಿನ ಬಂಗಾಡಿ, ಪಶ್ಚಿಮಘಟ್ಟದ ಬುಡ. ಅಲ್ಲಿಂದ ನದಿಯ ಜಾಡು ಹಿಡಿದು ಇಳಿದ ಅವರು ಇಂದಿನ ಬಂಟ್ವಾಳ ತಾಲೂಕಿನ ನಂದಾವರದಲ್ಲಿ, ನೇತ್ರಾವತಿಯ ದಡದಲ್ಲಿ ನೆಲೆಯೂರಿದರು. ಕೊನೆಗೆ ಅದೇ ನದಿ ಕಡಲು ಸೇರುವ ಮಂಗಳೂರಿನವರೆಗೂ ಕೈಚಾಚಿದರು. ಹೀಗಾಗಿ ಗಂಡ ಹೆಂಡಿರ ಎರಡು ಮನೆಗಳ ನಡುವೆ ಇದ್ದುದು ಒಂದು ಅಳಿವೆ ಮಾತ್ರ. ಉತ್ತರದ ದಡದಲ್ಲಿ ಬಂಗರು, ದಕ್ಷಿಣದ ದಡದಲ್ಲಿ ಚೌಟರು. ಮದುವೆಯಾದ ಮೇಲೂ ರಾಣಿ ತನ್ನ ದಡದಲ್ಲಿಯೇ ಇದ್ದು ತನ್ನ ರಾಜ್ಯವನ್ನೇ ಆಳಿದಳು.

ಮನಸ್ತಾಪ ಬೆಳೆದಾಗ ಆಕೆ ಗಂಡ ಕೊಟ್ಟಿದ್ದ ಒಡವೆಗಳನ್ನು ಹಿಂದಕ್ಕೆ ಕಳುಹಿಸಿದಳು. ತುಳುನಾಡಿನ ಕಟ್ಟಿನಲ್ಲಿ ಅಲ್ಲಿಗೆ ಸಂಬಂಧ ಹರಿದಂತೆ. ಬಂಗರಸ ಇದನ್ನು ಅವಮಾನವೆಂದು ಎಣಿಸಿದ. ರಾಣಿ ನದಿಯಲ್ಲಿ ದೋಣಿಯೇರಿ ಹೋಗುತ್ತಿದ್ದಾಗ ಹೊಂಚುಹಾಕಿ ಆಕೆಯನ್ನು ಹಿಡಿಸಿದನೆಂದೂ ಆಕೆ ಮಾತಿನ ಚಾತುರ್ಯದಿಂದಲೇ ಬಿಡುಗಡೆ ಪಡೆದು ಬಂದಳೆಂದೂ ದೆಲ್ಲಾ ವಾಲೆ ಬರೆದಿದ್ದಾನೆ. ಬಂದವಳು ಸುಮ್ಮನಿರಲಿಲ್ಲ. ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ಕೇಳಿದಳು. ಬಂಗರಸ ಪೋರ್ಚುಗೀಸರ ಮೊರೆ ಹೊಕ್ಕ. ಘಟ್ಟದ ಮೇಲಿಂದ ಇಳಿದ ನಾಯಕನ ಸೈನ್ಯದ ಮುಂದೆ ಬಂಗರಸನೂ ಅವನ ಪರ ನಿಂತ ಪೋರ್ಚುಗೀಸರೂ ಸೋತರು. ಬಂಗರ ಕೋಟೆ ನೆಲಸಮವಾಯಿತು. ನಾಯಕನ ನೆರವಿಗೆ ಬೆಲೆ ಇಲ್ಲದಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಪೋರ್ಚುಗೀಸರನ್ನು ದೂರವಿಡಲು ಹೋಗಿ ಚೌಟರು ಇಕ್ಕೇರಿಯ ನೆರಳಿಗೆ ಬಂದರು. ಮುಂದೆ ಆ ನೆರಳು ಇಡೀ ತುಳುನಾಡಿನ ಮೇಲೆ ಹರಡಿತು.

ಬರಿಗಾಲಿನ ರಾಣಿ

ದೆಲ್ಲಾ ವಾಲೆ ರಾಣಿಯನ್ನು ನೋಡಬೇಕೆಂದು ಹುಡುಕಿಕೊಂಡು ಹೋದದ್ದು ಮಂಗಳೂರಿನಿಂದ ಒಳನಾಡಿಗಿರುವ ಮಣೇಲಿಗೆ. ಭೇಟಿ ಆಸ್ಥಾನದಲ್ಲಿ ಆಗಲಿಲ್ಲ, ದಾರಿಯಲ್ಲಿ ಆಯಿತು. ಗದ್ದೆಗಳಿಗೆ ನೀರು ಹಾಯಿಸಲು ಕಾಲುವೆ ತೋಡಿಸುತ್ತಿದ್ದ ರಾಣಿ ಆ ಕೆಲಸ ನೋಡಿಕೊಂಡು ನಡೆದು ಬರುತ್ತಿದ್ದಳು. ಕಾಲಿಗೆ ಪಾದರಕ್ಷೆ ಇಲ್ಲ. ಸೊಂಟಕ್ಕೆ ಸಾದಾ ಹತ್ತಿಯ ಬಟ್ಟೆ, ತಲೆಯಿಂದ ಬೆನ್ನಿಗೆ ಇಳಿಬಿಟ್ಟ ಇನ್ನೊಂದು ಬಟ್ಟೆ. ಮೈಬಣ್ಣ ಕಪ್ಪು, ಮೈಕಟ್ಟು ದಪ್ಪ. ಸೇವಕನೊಬ್ಬ ಓಲೆಯ ಕೊಡೆ ಹಿಡಿದಿದ್ದ. ರೂಪವನ್ನು ನೋಡಿದರೆ ಅಡುಗೆಯವಳೋ ಅಗಸಗಿತ್ತಿಯೋ ಎನ್ನಬೇಕು, ಮಾತಿಗೆ ತೊಡಗಿದರೆ ರಾಣಿಯೆಂಬುದು ತಿಳಿಯುತ್ತದೆ ಎಂಬರ್ಥದಲ್ಲಿ ಆತ ಬರೆದ. ಯುರೋಪಿನ ಅರಮನೆಗಳ ರೇಷ್ಮೆ, ಕಸೂತಿಗಳನ್ನು ಕಂಡಿದ್ದ ಕಣ್ಣಿಗೆ ಇದು ವಿಚಿತ್ರವೆನಿಸಿರಬಹುದು. ಕೃಷಿಯ ನೀರನ್ನು ತಾನೇ ನಿಂತು ನೋಡಿಕೊಳ್ಳುವ ಒಡತಿ ತುಳುನಾಡಿನ ಗುತ್ತಿನ ಮನೆಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಅಪರೂಪವಾಗಿರಲಿಲ್ಲ.

ನಿಂತಲ್ಲಿಯೇ ಆಕೆ ವಿದೇಶಿಯನನ್ನು ಸಾಕಷ್ಟು ವಿಚಾರಿಸಿದಳು. ಯಾವ ಯಾವ ದೇಶ ನೋಡಿದೆ, ಮನೆ ಬಿಟ್ಟು ಇಷ್ಟು ದೂರ ಯಾಕೆ ಬಂದೆ, ಈ ಕಾಡಿನಂಥ ಊರಲ್ಲಿ ಏನು ನೋಡಲಿದೆ ಎಂದು ಕೇಳಿದಳು. ಮಗ ಚೆಲುವರಾಯ ಅತಿಥಿಯನ್ನು ಅರಮನೆಗೆ ಕರೆಸಿ ಊಟಕ್ಕೆ ಕೂರಿಸಿದ. ಎಲೆಯ ಮೇಲೆ ಬಡಿಸಿದ ಅನ್ನವನ್ನು ದೆಲ್ಲಾ ವಾಲೆ ತಾನು ತಂದಿದ್ದ ಚಮಚ, ಮುಳ್ಳುಚಮಚಗಳಿಂದ ತಿನ್ನುವುದನ್ನು ಅರಮನೆಯವರು ಕುತೂಹಲದಿಂದ ನೋಡಿದರು. ಅದೇ ಪ್ರವಾಸದ ಬರಹದಲ್ಲಿ ಸೆಗಣಿ ಸಾರಿಸಿದ ನೆಲದ ನುಣುಪನ್ನು ಮೆಚ್ಚಿ, ಇಟಲಿಗೆ ಮರಳಿದ ಮೇಲೆ ತಾನೂ ಇದನ್ನು ಪ್ರಯೋಗಿಸಿ ನೋಡಬೇಕೆಂದು ಆತ ಬರೆದುಕೊಂಡದ್ದೂ ಇದೆ.

ದೇವರಿಗೆ ಕಲ್ಲು, ಅರಸರಿಗೆ ಮರ

ಕರಾವಳಿಯ ಅರಸರ ಮನೆಗಳು ಇಷ್ಟು ಸರಳವಾಗಿರಲು ಬಡತನ ಕಾರಣವಲ್ಲ. ಇದೇ ಅವಧಿಯಲ್ಲಿ ಇದೇ ಅರಸರು ಕಲ್ಲಿನಲ್ಲಿ ಮಾಡಿಸಿದ್ದನ್ನು ನೋಡಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಷ್ಟು ಹಳೆಯದು. ಕಾರ್ಕಳದ ಚತುರ್ಮುಖ ಬಸದಿ 1586ರದು. ವೇಣೂರಿನಲ್ಲಿ ವೀರ ತಿಮ್ಮಣ್ಣ ಅಜಿಲ 35 ಅಡಿ ಎತ್ತರದ ಬಾಹುಬಲಿಯನ್ನು ನಿಲ್ಲಿಸಿದ್ದು 1604ರಲ್ಲಿ. ಕಲ್ಲು ಇತ್ತು, ಕುಟಿಗರಿದ್ದರು, ಹಣವೂ ಇತ್ತು. ಆದರೆ ಕರಿಕಲ್ಲು ಸಲ್ಲುತ್ತಿದ್ದುದು ತೀರ್ಥಂಕರರಿಗೆ, ದೇವರಿಗೆ. ಅರಸರು ಇರುತ್ತಿದ್ದುದು ಮುರಕಲ್ಲು, ಮಣ್ಣಿನ ಗೋಡೆ, ಹಲಸು ತೇಗಗಳ ಕಂಬ ತೊಲೆಗಳ ಮನೆಯಲ್ಲಿ. ಮಾಡಿಗೆ ಹುಲ್ಲು ಅಥವಾ ಸೋಗೆ. ಇಂದು ನಾವು ಸಾಂಪ್ರದಾಯಿಕವೆಂದು ಭಾವಿಸುವ ಮಂಗಳೂರು ಹಂಚು ಬಂದದ್ದು ಬಾಸೆಲ್ ಮಿಷನ್ 1865ರಲ್ಲಿ ಕಾರ್ಖಾನೆ ತೆರೆದ ಮೇಲೆ.

ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಇಂಥ ಮನೆ ನಿಲ್ಲುವುದು ಅದರ ಮಾಡಿನ ಇಳಿಜಾರಿನಿಂದ. ಗೋಡೆಯನ್ನು ದಾಟಿ ಬಹಳ ಕೆಳಗಿನವರೆಗೆ ಇಳಿಯುವ ಮಾಡು ಮಣ್ಣಿಗೆ ಮಳೆಯ ಹನಿ ತಾಗದಂತೆ ಕಾಯುತ್ತದೆ. ಮುಂದೆ ಚಾವಡಿ, ಅಲ್ಲಿ ನ್ಯಾಯ ಪಂಚಾಯಿತಿ, ದೈವದ ಉಯ್ಯಾಲೆ. ಒಳಗೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ಕೋಣೆಗಳು, ಭತ್ತ ತುಂಬುವ ಪತ್ತಾಯ. ಪ್ರತಿವರ್ಷ ಹೊದಿಕೆ ಬದಲಿಸುವ, ಗೆದ್ದಲು ಹಿಡಿದ ತೊಲೆ ತೆಗೆದು ಹೊಸದು ಹಾಕುವ ಕೈಗಳಿರುವವರೆಗೆ ಮಾತ್ರ ಅದು ಮನೆ. ಎರಡು ಮಳೆಗಾಲ ಕೈಬಿಟ್ಟರೆ ಮಣ್ಣಿನ ದಿಬ್ಬ. ಉಳ್ಳಾಲದಲ್ಲಿ ಅಬ್ಬಕ್ಕನ ಅರಮನೆಯ ಗೋಡೆಗಳನ್ನು ಹುಡುಕುವವರಿಗೆ ಸೋಮೇಶ್ವರದ ಗುಡಿ ಸಿಗುತ್ತದೆಯೇ ಹೊರತು ಅರಮನೆ ಸಿಗದಿರುವುದಕ್ಕೆ ಯುದ್ಧದಷ್ಟೇ ಮಳೆಯೂ ಕಾರಣ.

ಇದೇ ವರ್ಷಗಳಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಇನ್ನೊಬ್ಬ ಮಹಿಳೆ ಗಂಡನಿಂದ ದೂರವಾಗಿ ತನ್ನ ಹುಟ್ಟಿದ ಮನೆಯ ಊರಿಗೆ ಮರಳಿದ್ದಳು. ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್, ಜನರ ಬಾಯಲ್ಲಿ ಬೆಸ್ ಆಫ್ ಹಾರ್ಡ್‌ವಿಕ್. 1590ರಲ್ಲಿ ಆರಂಭಿಸಿ 1597ರಲ್ಲಿ ಆಕೆ ವಾಸಕ್ಕೆ ಬಂದ ಹಾರ್ಡ್‌ವಿಕ್ ಹಾಲ್ ಇಂದಿಗೂ ಅಲ್ಲಿನ ಹೆಸರಾಂತ ಹಳ್ಳಿಮನೆಗಳಲ್ಲಿ ಒಂದು. ಗೋಡೆಗಿಂತ ಗಾಜೇ ಹೆಚ್ಚೆನಿಸುವ ಆ ಕಲ್ಲಿನ ಸೌಧದ ಆರು ಗೋಪುರಗಳ ತುದಿಯಲ್ಲಿ ಆಕೆಯ ಹೆಸರಿನ ಮೊದಲಕ್ಷರಗಳನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಲಾಗಿದೆ. ಎರಡು ಬದುಕುಗಳ ಹೋಲಿಕೆ ಅಚ್ಚರಿ ತರುತ್ತದೆ, ವ್ಯತ್ಯಾಸ ಇನ್ನೂ ಹೆಚ್ಚು. ಹಾರ್ಡ್‌ವಿಕ್ ಜಮೀನು ಗಂಡುಸಂತಾನದ ಪದ್ಧತಿಯಂತೆ ಆಕೆಯ ಸೋದರನ ಪಾಲಾಗಿತ್ತು. ಸಾಲದಲ್ಲಿ ಮುಳುಗಿದ ಅದನ್ನು 1583ರಲ್ಲಿ ಆಕೆ ಹಣಕೊಟ್ಟು ಕೊಳ್ಳಬೇಕಾಯಿತು. ಆ ಹಣವೂ ಹೆಚ್ಚಾಗಿ ಗಂಡಂದಿರ ಕಡೆಯಿಂದ ಬಂದದ್ದು. ಅಬ್ಬಕ್ಕನಿಗೆ ತನ್ನ ಮನೆಯನ್ನು ಯಾರಿಂದಲೂ ಕೊಳ್ಳಬೇಕಾಗಿರಲಿಲ್ಲ. ಗೋಪುರದ ಮೇಲೆ ಹೆಸರು ಬರೆಸುವ ಅಗತ್ಯವೂ ಬರಲಿಲ್ಲ.

ಮೂಡುಬಿದಿರೆಗೆ ಬಂದ ಮನೆ

ಇಕ್ಕೇರಿಯ ನಾಯಕರ ಬಲ ಬೆಳೆಯುತ್ತಿದ್ದಂತೆ ಚೌಟರು ಕಡಲ ತೀರದಿಂದ ಹಿಂದೆ ಸರಿದರು. ಪುತ್ತಿಗೆಯಿಂದ ಮೂಡುಬಿದಿರೆಗೆ ಅವರು ನೆಲೆ ಬದಲಿಸಿದ್ದು 1643ರ ಸುಮಾರಿಗೆ ಎಂದು ಹೇಳಲಾಗುತ್ತದೆ. ಈಗಿರುವ ಅರಮನೆಯ ಕೆತ್ತನೆಯ ಕಂಬಗಳು ಆ ಕಾಲದ ವೈಭವಕ್ಕೆ ಸಾಕ್ಷಿ. ಮಾರ್ಗದರ್ಶಕರು ನವನಾರೀಕುಂಜರವನ್ನು ತೋರಿಸಿ ಇದು ಅಬ್ಬಕ್ಕನ ಹೆಣ್ಣುಪಡೆ ಎಂದು ವಿವರಿಸುವುದುಂಟು. ಹಾಗೆ ಹೇಳಲು ಆಧಾರವಿಲ್ಲ. ರಾಜಸ್ಥಾನದ ಚಿತ್ರಗಳಲ್ಲಿ, ಒಡಿಶಾದ ಪಟಚಿತ್ರಗಳಲ್ಲಿಯೂ ಕಾಣಸಿಗುವ, ಇಡೀ ಭಾರತಕ್ಕೆ ಪರಿಚಿತವಾದ ವಿನ್ಯಾಸವಿದು. ಮೂಡುಬಿದಿರೆಯ ಬಡಗಿ ಅದನ್ನು ಹೆಣ್ಣಿನ ಜಾಡಿನಲ್ಲಿ ಸಾಗುವ ಮನೆತನವೊಂದರ ಕಂಬದ ಮೇಲೆ ಕೆತ್ತಿದ ಎಂಬಷ್ಟು ಮಾತ್ರ ನಿಜ.

ರಾಜ್ಯ ಹೋದ ಮೇಲೂ ಮನೆ ಉಳಿಯಿತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾಗಿ ಕೆನರಾ ಬ್ರಿಟಿಷರ ಕೈಸೇರಿತು. ಚೌಟರು ಅಲ್ಪ ಪಿಂಚಣಿಯ ಮೇಲೆ ಮೂಡುಬಿದಿರೆಯಲ್ಲಿಯೇ ಇದ್ದರು. 20ನೇ ಶತಮಾನದ ಆರಂಭದ ಇಂಪೀರಿಯಲ್ ಗೆಜೆಟಿಯರ್ ಈ ಪಿಂಚಣಿಯನ್ನೂ ಅರಮನೆಯ ಮರದ ಕೆತ್ತನೆಯನ್ನೂ ಒಟ್ಟಿಗೇ ಹೆಸರಿಸುತ್ತದೆ. ಅಳಿಯಸಂತಾನದ ಕಟ್ಟು ಮಾತ್ರ ಹಾಗೆ ಉಳಿಯಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳುವ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಳೆಯ ಪದ್ಧತಿಯನ್ನು ಬಹುಪಾಲು ಬದಿಗೆ ಸರಿಸಿತು. 1974ರ ಭೂಸುಧಾರಣೆ ತಿದ್ದುಪಡಿಯ ಅನಂತರ ಗೇಣಿಯ ಭತ್ತ ನಿಂತಿತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಅದೇ ಹೊತ್ತಿಗೆ ಮಾಡು ಹೊದಿಸುವ ಕೈಗಳೂ ಹಣವೂ ಇಲ್ಲವಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಲಿನ ಎಷ್ಟೋ ಬೀಡು, ಗುತ್ತಿನ ಮನೆಗಳು ಒಂದೊಂದೇ ಮಳೆಗಾಲಕ್ಕೆ ಕುಸಿದವು. ಅವುಗಳ ಕಂಬಗಳಲ್ಲಿ ಕೆಲವು ದೂರದ ನಗರಗಳ ಹೊಸ ಬಂಗಲೆಗಳನ್ನು ಸೇರಿದವು.

ಅಬ್ಬಕ್ಕನ ಹೆಸರಿಗೆ ಮಾತ್ರ ಈಚೆಗೆ ಒಳ್ಳೆಯ ದಿನಗಳು ಬಂದಿವೆ. 2003ರಲ್ಲಿ ಅಂಚೆ ಇಲಾಖೆ ವಿಶೇಷ ಲಕೋಟೆ ಹೊರತಂದಿತು. 2012ರಲ್ಲಿ ಕರಾವಳಿ ರಕ್ಷಣಾ ಪಡೆಯ ಗಸ್ತು ನೌಕೆಯೊಂದು ಆಕೆಯ ಹೆಸರು ಹೊತ್ತು ಸೇವೆಗೆ ಸೇರಿತು. ಉಳ್ಳಾಲದಲ್ಲಿ ಆಕೆಯ ಹೆಸರಿನ ಉತ್ಸವ ನಡೆಯುತ್ತದೆ, ಪ್ರತಿಮೆಯೂ ಇದೆ. ಕುದುರೆಯೇರಿ ಕತ್ತಿ ಝಳಪಿಸುವ ರಾಣಿಯ ಚಿತ್ರ ಶಾಲೆಯ ಗೋಡೆಗಳಿಗೂ ತಲುಪಿದೆ. ಗದ್ದೆಯ ಕಾಲುವೆ ನೋಡಿಕೊಂಡು ಬರಿಗಾಲಲ್ಲಿ ನಡೆದು ಬಂದ ರಾಣಿಯ ಚಿತ್ರವನ್ನು ಬರೆದವರು ಕಡಿಮೆ.

ಆ ರಾಣಿಗೆ ಹೆಚ್ಚು ಹತ್ತಿರವಾದ ಸ್ಮಾರಕ ಬಹುಶಃ ಬಂಟ್ವಾಳದಲ್ಲಿದೆ. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯದಲ್ಲಿ ಕಿರೀಟ ಸಿಂಹಾಸನಗಳ ಅಬ್ಬರವಿಲ್ಲ. ಅಲ್ಲಿರುವುದು ತುಳುವರ ಮನೆಯೊಳಗಿನ ಸಾಮಾನು. ನೇಗಿಲು, ನೊಗ, ದೀಪ, ಅಡುಗೆಯ ಪಾತ್ರೆ, ಅಳತೆಯ ಸೇರು. ಇತ್ತ ಮೂಡುಬಿದಿರೆಯಲ್ಲಿ ಚೌಟರ ವಂಶಸ್ಥರು ಅರಮನೆಯಲ್ಲಿ ಈಗಲೂ ವಾಸವಾಗಿದ್ದಾರೆ. ಅದು ಒಂದು ಕುಟುಂಬದ ವಾಸದ ಮನೆಯಾದ್ದರಿಂದ, ಕಂಬಗಳನ್ನು ನೋಡಬೇಕೆನ್ನುವವರು ಬಾಗಿಲಲ್ಲಿ ನಿಂತು ಮನೆಯವರನ್ನು ಕೇಳಿಕೊಂಡೇ ಒಳಗೆ ಹೋಗಬೇಕು.